ಕುದುರೆಗೆ ಮೊದಲ ಸೂರು

ಅಣ್ಣ ಗೋಡೆಗೆ ಉಳಿಯಿಟ್ಟು ಸುತ್ತಿಗೆ ಬೀಸಿದ. ದೊಡ್ಡಮನೆಯ ಗಾರೆ ಚಕ್ಕೆ ಚಕ್ಕೆಯಾಗಿ ಉದುರಿತು.

"ಹುಚ್ಚೇನೋ ನಿಂಗೆ?" ಎದುರು ಅಂಗಡಿಯ ದರ್ಜಿ ಕೂಗಿದ. "ಅಷ್ಟು ದೊಡ್ಡ ಮನೇನ ಕೈಯಾರೆ ಕೆಡವಿಸ್ತೀಯಾ?"

"ನೀನು ಸೂಜಿಗೆ ದಾರ ಪೋಣಿಸು, ಮಾಮ."

ರಸ್ತೆ ಅಗಲವಾಗುತ್ತಿತ್ತು. ಬೀದಿಯ ತುದಿಯಲ್ಲಿ ಜೆಸಿಬಿ ಗುರುಗುಟ್ಟುತ್ತಿತ್ತು. ಪಕ್ಕದಲ್ಲಿ ನಿಂತಿದ್ದ ಇಲಾಖೆಯ ಅಧಿಕಾರಿ ಊರಿಗೆ ಹೊಸಬ. ಅವನು ತಂದ ನಿಯಮ ಮಾತ್ರ ಹಳೆಯದು. ಒಂದು ನಿವೇಶನದಲ್ಲಿ ಎಲ್ಲಕ್ಕಿಂತ ಹಿಂದಿನ ಕಟ್ಟಡ ಉಳಿಯುತ್ತದೆ, ಮಿಕ್ಕದ್ದು ನೆಲಸಮ.

ಇಲ್ಲಿದ್ದದ್ದು ಎರಡು. ಬೀದಿಗೆ ಎದೆಯೊಡ್ಡಿ ನಿಂತ ಕಂಬಸಾಲಿನ ದೊಡ್ಡಮನೆ. ಅದರ ಪಕ್ಕೆಗೆ ಅಂಟಿದ, ಒಂದು ಕಾಲಕ್ಕೆ ಸಾರೋಟು ನಿಲ್ಲುತ್ತಿದ್ದ ಗಾಡಿಮನೆ. ಪಾಲಿನಲ್ಲಿ ಅಣ್ಣನಿಗೊಂದು, ತಮ್ಮನಿಗೊಂದು. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ತಮ್ಮ ಬೆಳಿಗ್ಗೆಯೇ ವಕೀಲರ ಮನೆಗೆ ಓಡಿದ್ದ. ಅವನು ಬರುವಷ್ಟರಲ್ಲಿ ಮುಗಿಸಬೇಕಿತ್ತು.

ಗಾಡಿಮನೆಯ ಅಟ್ಟದಿಂದ ಕೂಸಿನ ಅಳು ಇಳಿದುಬಂತು.

"ಬಾಣಂತಿ ಇದಾರಾ?" ಅಧಿಕಾರಿ ಕೇಳಿದ.

"ಹಸಿ ಬಾಣಂತಿ, ಸಾಹೇಬ್ರೇ. ಜ್ವರ ಬೇರೆ. ಬೀದಿಗೆ ಹಾಕಿದ್ರೆ ಎರಡು ಜೀವ ಹೋಗುತ್ತೆ."

"ಅಳು ಕೇಳಿ ಬರೆಯೋಕಾಗಲ್ಲ. ಗಾಡಿಮನೆಯೇ ಹಳೇದು ಅನ್ನೋಕೆ ಪುರಾವೆ ತೋರಿಸಿ. ಮನುಷ್ಯರಿಗಿಂತ ಮೊದಲು ಕುದುರೆಗೆ ಯಾರು ಕಟ್ತಾರ್ರೀ?"

"ಕುದುರೆ ದುಡಿದ ಮೇಲೆ ತಾನೇ ಯಜಮಾನನಿಗೆ ಮನೆ! ನಮ್ಮ ಮುತ್ತಾತ ಬಾಡಿಗೆ ಸಾರೋಟು ಓಡಿಸ್ತಿದ್ದ."

ಮತ್ತೆ ಸುತ್ತಿಗೆ. ಅಂಗೈ ಬಿರಿದು ಹಿಡಿಕೆ ಜಾರತೊಡಗಿತು. ಎರಡು ಕಟ್ಟಡ ಕೂಡುವ ಮೂಲೆಯಲ್ಲಿ ದೊಡ್ಡಮನೆಯ ಒಂದು ಇಟ್ಟಿಗೆ ಕಳಚಿತು. ಇನ್ನೊಂದು. ಅವುಗಳ ಹಿಂದೆ ಗಾಡಿಮನೆಯ ಗೋಡೆ ಹಾಗೇ ಮುಂದುವರಿದಿತ್ತು: ನುಣುಪು ಗಾರೆ, ಅದರ ಮೇಲೆ ಮಳೆನೀರು ಇಳಿದ ಕಪ್ಪು ಗೆರೆಗಳು.

"ನೋಡಿ! ಈ ಗೋಡೆ ಮಳೇಲಿ ನೆನೆದಿದೆ. ಆಗ ಇಲ್ಲಿ ದೊಡ್ಡಮನೆ ಇರ್ಲೇ ಇಲ್ಲ!"

ಅಧಿಕಾರಿ ಗೆರೆಗಳ ಮೇಲೆ ಬೆರಳಾಡಿಸಿದ. ಆಮೇಲೆ ಆಳನ್ನು ಕರೆದ. ದೊಡ್ಡಮನೆಯ ಬಾಗಿಲ ಮೇಲೆ ನೆಲಸಮದ ಕೆಂಪು ಗುರುತು ಬಿತ್ತು.

ಅಣ್ಣ ಸುತ್ತಿಗೆ ಕೆಳಗಿಟ್ಟು ಕುಳಿತ.

"ಗೆದ್ರಿ ಬಿಡಿ," ಅಧಿಕಾರಿಯ ದನಿಯಲ್ಲಿ ತಿರಸ್ಕಾರವಿತ್ತು. "ಇನ್ನು ಆ ದೊಡ್ಡಮನೆಯವರ ಮುಖ ನಾನು ಹೇಗೆ ನೋಡ್ಲಿ? ಯಾರಿದಾರೆ ಒಳಗೆ? ಕರೀರಿ, ಸಂಜೆಯೊಳಗೆ ಖಾಲಿ ಮಾಡ್ಬೇಕು."

ಅಣ್ಣ ಗಾರೆಪುಡಿ ಕೊಡವಿಕೊಂಡು ಎದ್ದ. "ಆ ಮನೆಯವನು ನಾನೇ, ಸಾಹೇಬ್ರೇ. ಕೂಸು ನನ್ನ ತಮ್ಮನದು."