ಬೀಗದ ಕೈ ಬುಟ್ಟಿ

"ಈ ಸೀನು ಯಾರೂ ನಂಬಲ್ಲ ಮೇಡಂ. ತೆಗೆದುಬಿಡೋಣ," ಎಂದರು ನಿರ್ಮಾಪಕರು.

ಮುಂದೊಂದು ಕೆಟ್ಟ ಕಾಲ ಬಂದೀತೆಂದು ಹೆದರಿ ಮಂದಾಕಿನಿ ಬರೆದ ಕಾದಂಬರಿ ಈಗ ಸಿನಿಮಾ ಆಗುತ್ತಿತ್ತು. ಅದರ ಜೀವವೇ ಈ ದೃಶ್ಯ: ಸಮವಸ್ತ್ರದವರು ಬೀದಿಯನ್ನು ಅಡ್ಡಗಟ್ಟಿ ಬುಟ್ಟಿ ಇಡುತ್ತಾರೆ, ಜನ ಯಾಕೆಂದೂ ಕೇಳದೆ ತಮ್ಮ ಮನೆಯ ಬೀಗದ ಕೈ ಅದಕ್ಕೆ ಹಾಕಿ ಹೋಗುತ್ತಾರೆ.

"ಚಿಲ್ಲರೆಗೆ ಕಂಡಕ್ಟರ್ ಜೊತೆ ಜಗಳಕ್ಕೆ ಬೀಳೋ ಜನ ನಮ್ಮೋರು. ಮನೆ ಕೀ ಕೊಟ್ಬಿಡ್ತಾರಾ?"

ಅವಳಿಗೂ ಒಳಗೊಳಗೇ ಅದೇ ಅಳುಕು. "ಒಂದು ಸಲ ನೋಡಿ ಸಾರ್, ಆಮೇಲೆ ನಿಮ್ಮಿಷ್ಟ," ಎಂದಳು.

ಕ್ಯಾಮೆರಾ ಮಹಡಿಯ ಕಿಟಕಿಯ ಮರೆಯಲ್ಲಿತ್ತು. ಅಲ್ಲಿಂದಲೇ ಇಬ್ಬರೂ ಕೆಳಗೆ ಬಗ್ಗಿ ನೋಡಿದರು. ಸಮವಸ್ತ್ರ ತೊಟ್ಟ ನಟರು ಬುಟ್ಟಿ ಇಟ್ಟು ಬೀದಿಯನ್ನು ಅಡ್ಡಗಟ್ಟಿ ನಿಂತಿದ್ದರು. ಆಗಲೇ ಸಾಲು ಬೆಳೆದಿತ್ತು. ತರಕಾರಿ ಚೀಲದ ಹೆಂಗಸೊಬ್ಬಳು ಸೆರಗಿನ ಗಂಟು ಬಿಚ್ಚಿ ಕೀ ಹಾಕಿದಳು. ಮುದುಕರೊಬ್ಬರು "ಬೀರೂದೂ ಹಾಕ್ಬೇಕಾ ಸ್ವಾಮಿ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಹಾಕಿದರು.

"ಬೇಗ ಹಾಕ್ರೀ ಯಜಮಾನ್ರೇ, ಆಫೀಸಿಗೆ ಹೊತ್ತಾಯ್ತು!" ಎಂದು ಹಿಂದಿನವನು ಗದರಿದ.

ನಿರ್ಮಾಪಕರು ಕಣ್ಣರಳಿಸಿದರು. "ಸೀನು ಇರ್ಲಿ ಮೇಡಂ, ನಾನು ಸೋತೆ."

ಮಂದಾಕಿನಿಗೆ ಹೋದ ಜೀವ ಬಂದಂತಾಯಿತು. ಅಷ್ಟರಲ್ಲಿ ಸಹಾಯಕ ನಿರ್ದೇಶಕ ಏದುಸಿರು ಬಿಡುತ್ತ ಮೆಟ್ಟಿಲೇರಿ ಬಂದ.

"ಎಂಥ ನಟರಯ್ಯಾ ಇವರು! ಎಲ್ಲಿಂದ ಕರೆಸಿದೆ?" ಎಂದು ನಿರ್ಮಾಪಕರು ಅವನ ಬೆನ್ನು ತಟ್ಟಿದರು.

"ಅದನ್ನೇ ಹೇಳೋಕೆ ಬಂದೆ ಸಾರ್. ಜನರ ಪಾತ್ರ ಮಾಡೋರ ಬಸ್ಸು ಇನ್ನೂ ಬಂದಿಲ್ಲ."