ಬುರುಡೆಯ ಮೇಲಿನ ಹಸಿರು

"ಎಲೆ ಬರೀರಿ, ಎಲೆ! ಬುರುಡೆ ಕಾಣಬಾರದು ರೀ," ಎಂದು ಕಿಟಕಿಯಲ್ಲಿದ್ದ ಹೆಂಡತಿ ಪಿಸುಗುಟ್ಟಿದಳು. ಚಿತ್ರ ಬರೆಸಿದ್ದ ಸಿರಿವಂತೆ ಡೊನ್ನಾ ಪೋರ್ಜಿಯಾಳ ಸಾರೋಟು ಆಗಲೇ ಬಾಗಿಲಿಗೆ ಬಂದಿತ್ತು. ಚಿತ್ರಕಾರ ಎರ್ಕೊಲೆ ಅವಸರದಿಂದ ಬುರುಡೆಯ ಮೇಲೆ ಹಸಿರು ಬಳಿದ.

ದೊಡ್ಡ ಮನೆಯ ಮಕ್ಕಳನ್ನು ಕುರುಬರ ವೇಷದಲ್ಲಿ ಬರೆಸುವುದು ರೋಮಿನ ಶೋಕಿ. ಪೋರ್ಜಿಯಾಳ ಮಗ ಸಿಲ್ವಿಯೊನನ್ನೂ ಅವನು ಹಾಗೆಯೇ ಬರೆದಿದ್ದ. ಅರ್ಕಾಡಿಯ ಎಂಬ ಕುರುಬರ ಸುಖದ ನಾಡಿನಲ್ಲೊಂದು ಗೋರಿ, ಅದರ ಮೇಲೊಂದು ತಲೆಬುರುಡೆ, ಅದನ್ನು ಕಂಡು ಬೆದರಿದ ಇಬ್ಬರು ಕುರುಬರು, ಬುರುಡೆಯ ಕೆಳಗೆ ಲ್ಯಾಟಿನ್ನಿನಲ್ಲಿ ಸಾವೇ ಆಡುವ ಮಾತು: 'ಅರ್ಕಾಡಿಯದಲ್ಲೂ ನಾನಿದ್ದೇನೆ.' ಬರೆಯುವಾಗ ಅದು ಜಾಣತನವೆನಿಸಿತ್ತು. ಹೋದ ವಾರ ಸಿಲ್ವಿಯೊ ಜ್ವರದಲ್ಲಿ ತೀರಿಕೊಂಡ.

ಕಪ್ಪು ಉಡುಗೆಯ ತಾಯಿ ಬಂದು ಚಿತ್ರದ ಮುಂದೆ ನಿಂತಳು. "ಏನನ್ನ ಮುಚ್ಚಿದ್ರಿ?"

"ಏನಿಲ್ಲ ಅಮ್ಮಾವ್ರೇ, ಒಂದಿಷ್ಟು ಬಳ್ಳಿ..."

"ಈ ಇಬ್ಬರು ಕುರುಬರು ಬಾಯಿ ಬಿಟ್ಕೊಂಡು ನೋಡ್ತಿದ್ದಾರಲ್ಲ. ಬಳ್ಳಿ ಕಂಡು ಯಾರಾದ್ರೂ ಹೆದರ್ತಾರೇನ್ರೀ?"

ಎರ್ಕೊಲೆ ತಲೆ ತಗ್ಗಿಸಿದ. "ಬುರುಡೆ, ಅಮ್ಮಾವ್ರೇ. ಚಿಕ್ಕ ಯಜಮಾನರು ಚೆನ್ನಾಗಿದ್ದಾಗಲೇ ಬರೆದಿದ್ದು. ಶಾಪ ಹಾಕ್ದೆ ಅಂದ್ಕೋಬೇಡಿ."

ಪೋರ್ಜಿಯಾ ಬಹಳ ಹೊತ್ತು ಮಗನ ಮುಖವನ್ನೇ ನೋಡಿದಳು. "ಮತ್ತೆ ಸಿಲ್ವಿಯೊ ಯಾಕೆ ಆ ಕಡೆ ನೋಡ್ತಿಲ್ಲ?"

"ಎಷ್ಟು ಗದರಿದ್ರೂ ಕೇಳ್ಲಿಲ್ಲ. ತೊಡೆ ಮೇಲಿದ್ದ ಕುರಿಮರಿ ನೋಡ್ಕೊಂಡು ನಗ್ತಾನೇ ಕೂತ್ರು. ಕೊನೆಗೆ ಹಾಗೇ ಬರೆದ್ಬಿಟ್ಟೆ."

"ಹಾಗಾದ್ರೆ ಸಾವು ಪಕ್ಕದಲ್ಲೇ ಇದ್ರೂ ನನ್ನ ಮಗ ಅದನ್ನ ನೋಡ್ಲೇ ಇಲ್ಲ, ನಗ್ತಾನೇ ಇದ್ದ," ಎಂದಳು ಪೋರ್ಜಿಯಾ. ಆಮೇಲೆ ತನ್ನ ಕಪ್ಪು ಉಡುಗೆಯ ತೋಳಿನ ಅಂಚಿನಿಂದ ಹಸಿ ಎಲೆಗಳನ್ನು ಮೆಲ್ಲಗೆ ಒರೆಸತೊಡಗಿದಳು. ಬುರುಡೆ ಪೂರ್ತಿ ಕಾಣುವವರೆಗೂ ಒರೆಸಿದಳು.