ಒಂಬತ್ತು ನ್ಯಾನೊಮೀಟರಿನ ಗೆರೆ

"ನಿನ್ನ ಗೆರೆಯಷ್ಟು ತೆಳ್ಳಗೆ ಕತ್ತರಿಸ್ಬೇಡ ಮಾರಾಯ, ನಮಗೂ ಹೊಟ್ಟೆ ಇದೆ!" ಎನ್ನುತ್ತ ಪ್ರೊಫೆಸರ್ ಬ್ರಾನ್ವಿನ್ ಕೇಕಿನ ಚಾಕುವನ್ನು ತನ್ನ ಸಂಶೋಧನಾ ವಿದ್ಯಾರ್ಥಿ ರೋವನ್‌ನ ಕೈಗಿತ್ತಳು. ಮೆಲ್ಬರ್ನಿನ ಪ್ರಯೋಗಾಲಯದವರೆಲ್ಲ ಹತ್ತೂವರೆಯ ಚಹಾಕ್ಕೆ ಸೇರಿದ್ದರು. ಬೆಳಕು ಇದಕ್ಕಿಂತ ಸಣ್ಣದಾಗಿ ಕೊರೆಯಲಾರದು ಎಂಬ ಮಿತಿಯನ್ನು ರೋವನ್‌ನ ಲೇಸರ್ ದಾಟಿತ್ತಂತೆ. ರಾಳದ ಮೇಲೆ ಒಂಬತ್ತು ನ್ಯಾನೊಮೀಟರಿನ ಗೆರೆ! ಬ್ರಾನ್ವಿನ್ ಎದುರಾಳಿ ಪ್ರೊಫೆಸರನ ಮೂಗುದನಿಯನ್ನೇ ಅಣಕಿಸಿದಳು: "ಅಸಾಧ್ಯ, ಬ್ರಾನ್ವಿನ್, ಅಸಾಧ್ಯ!" ನಗದೆ ನಿಂತವನು ರೋವನ್ ಒಬ್ಬನೇ.

"ಬ್ರಾನ್," ಅವನು ಚಾಕು ಕೆಳಗಿಟ್ಟ. "ಅದು ಗೆರೆ ಅಲ್ಲ. ರಾಳ ಒಣಗಿ ಬಿಟ್ಟ ಬಿರುಕು. ಆಗ ಲೇಸರ್ ಆನ್ ಆಗೇ ಇರ್ಲಿಲ್ಲ."

ನಗು ನಿಂತಿತು. ಬ್ರಾನ್ವಿನ್ ಅವನ ಭುಜದ ಮೇಲೆ ಕೈಯಿಟ್ಟಳು. "ಹೋಗ್ಲಿ ಬಿಡು, ತಪ್ಪು ಯಾರಿಗಾಗಲ್ಲ? ಪತ್ರಿಕೆಗೆ ಕಳಿಸಿದ ಪ್ರಬಂಧ ಇವತ್ತೇ ವಾಪಸ್ ತಗೊಳ್ಳೋಣ. ಯಾವಾಗ ಗೊತ್ತಾಯ್ತು?"

"ಕಳಿಸೋ ಹಿಂದಿನ ದಿನ."

ಭುಜದ ಮೇಲಿದ್ದ ಕೈ ಮೆಲ್ಲಗೆ ಹಿಂದೆ ಸರಿಯಿತು.